ಅಂಜೂರ ಚಿಗುರದ ವರ್ಷದ ಕ್ರಿಸ್‌ಮಸ್

ಬೀದರ್ ಜಿಲ್ಲೆಯ ನಮ್ಮಂಥ ಮೆಥೋಡಿಸ್ಟ್ ಪಂಗಡದ ಕ್ರೈಸ್ತ ಮನೆತನಗಳಲ್ಲಿ ಕ್ರಿಸ್‌ಮಸ್ ಹಬ್ಬದ ಸಡಗರ ನವೆಂಬರ್ ತಿಂಗಳಲ್ಲಿ ಧಾರೂರಿನ ಕ್ರೈಸ್ತ ಜಾತ್ರೆಯಿಂದಲೇ ಆರಂಭವಾಗುತ್ತದೆ. ಧಾರೂರು ಈಗ ತೆಲಂಗಾಣದ ವಿಕಾರಾಬಾದ್ ಜಿಲ್ಲೆಗೆ ಸೇರಿದೆ. ಆದರೆ 1923ರಲ್ಲಿ ಆ ಜಾತ್ರೆ ಮೊದಲಾದಾಗ ಬೀದರ್ ಕೂಡ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದುದರಿಂದ, ನಮ್ಮ ಹಿರಿಯರಿಗೆ ಅದು ಪರರಾಜ್ಯದ ಜಾತ್ರೆ ಎನಿಸಿದ್ದೇ ಇಲ್ಲ. ಅಲ್ಲಿಂದ ಮರಳಿದ ಮೇಲೆ ಮನೆಗೆ ಸುಣ್ಣ, ಮಕ್ಕಳಿಗೆ ಹೊಸಬಟ್ಟೆ, ರಾತ್ರಿ ಢೋಲಕ್ ಮತ್ತು ತಾಳಗಳೊಂದಿಗೆ ಮನೆಯಿಂದ ಮನೆಗೆ ಹೋಗಿ ಕನ್ನಡ, ತೆಲುಗು ಎರಡರಲ್ಲೂ ಹಾಡುವ ಭಜನೆ, ಹಬ್ಬದ ದಿನ ಹೋಳಿಗೆ. ಶಾರ್ಜಾಕ್ಕೆ ಬಂದ ಮೇಲೆ ಇವುಗಳಲ್ಲಿ ಎಷ್ಟನ್ನು ಉಳಿಸಿಕೊಳ್ಳಬಹುದೋ ಅಷ್ಟನ್ನು ನಾವು ಉಳಿಸಿಕೊಂಡಿದ್ದೆವು.

2020ರಲ್ಲಿ ಅದೂ ಕಷ್ಟವಾಯಿತು. ಕೊರೊನಾದ ಆ ಬೇಸಿಗೆಯಲ್ಲಿ ನನ್ನ ಯಜಮಾನರ ಕಂಪನಿ ಅನೇಕರನ್ನು ಕೆಲಸದಿಂದ ತೆಗೆಯಿತು. ಅವರಲ್ಲಿ ಇವರೂ ಒಬ್ಬರು. ಸಭೆಯ, ಅಂದರೆ ನಮ್ಮ ಚರ್ಚಿನ, ಆರಾಧನೆ ಮೊಬೈಲಿನ ಪರದೆಗೆ ಬಂದಿತ್ತು, ಮಕ್ಕಳ ಶಾಲೆಯೂ ಅದೇ ಪರದೆಯಲ್ಲಿ ನಡೆಯುತ್ತಿತ್ತು, ಊರಿಗೆ ಹೋಗುವ ಮಾತಂತೂ ಇರಲಿಲ್ಲ. ಇಲ್ಲಿ ಡಿಸೆಂಬರ್ 25 ಸಾಮಾನ್ಯವಾಗಿ ಕೆಲಸದ ದಿನ. ಆ ವರ್ಷ ಅದು ಶುಕ್ರವಾರ, ಅಂದರೆ ಆಗಿನ ವಾರದ ರಜೆಯ ದಿನವೇ ಬಂದಿತ್ತು. ರಜೆ ಕೇಳಿ ಪಡೆಯಬೇಕಾದ ಕೆಲಸವೇ ಮನೆಯಲ್ಲಿ ಇಲ್ಲದ ವರ್ಷ ಹಾಗಾದದ್ದು ನಮ್ಮಿಬ್ಬರ ಮನಸ್ಸನ್ನು ನೋಯಿಸಿತು.

ಹನ್ನೆರಡು ವರ್ಷದ ಮಗಳು ಒಂದು ರಾತ್ರಿ ಪ್ರಾರ್ಥನೆ ಮುಗಿದ ಮೇಲೆ, "ಮಮ್ಮಿ, ನಾವು ಇಷ್ಟು ಬೇಡಿಕೊಂಡ್ರೂ ಪಪ್ಪಾಗ ನೌಕರಿ ಸಿಗಲಿಲ್ಲಂದ್ರ?" ಎಂದು ಕೇಳಿದಳು. ಹಬ್ಬದೊಳಗೆ ಸಿಕ್ಕೇ ಸಿಗುತ್ತದೆ ಎಂದು ಹೇಳಿಬಿಡುವುದು ಸುಲಭವಿತ್ತು, ಆದರೆ ದೇವರು ಕೊಡದ ಮಾತನ್ನು ದೇವರ ಹೆಸರಿನಲ್ಲಿ ಮಗುವಿಗೆ ಕೊಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಆ ದಿನ ತಪ್ಪಿದಾಗ ಮಗು ಅನುಮಾನಿಸುವುದು ತಾಯಿಯನ್ನಲ್ಲ, ದೇವರನ್ನು. ಅದಕ್ಕೆ ಬೈಬಲಿನಲ್ಲಿ ದಾನಿಯೇಲನ ಗ್ರಂಥದ ಮೂರನೆಯ ಅಧ್ಯಾಯ ತೆಗೆದೆ. ಅರಸನು ನಿಲ್ಲಿಸಿದ ಬೊಂಬೆಗೆ ಅಡ್ಡಬೀಳಲೊಲ್ಲದೆ ಉರಿಯುವ ಕುಲುಮೆಯ ಮುಂದೆ ನಿಂತ ಶದ್ರಕ್, ಮೇಶಕ್ ಮತ್ತು ಅಬೇದ್‌ನೆಗೋ, ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲನು, ಬಿಡಿಸದೆ ಹೋದರೂ ನಿನ್ನ ಬೊಂಬೆಗೆ ಅಡ್ಡಬೀಳುವುದಿಲ್ಲ ಎಂದು ಅರಸನಿಗೆ ಹೇಳಿದರು. ಭಾನುವಾರದ ಮಕ್ಕಳ ಪಾಠಗಳಲ್ಲಿ ಅವರು ಸುಡದೆ ಹೊರಬಂದ ಭಾಗಕ್ಕೇ ಹೆಚ್ಚು ಒತ್ತು ಬೀಳುತ್ತದೆ. ನಾವು ಆ ರಾತ್ರಿ ಅಲ್ಲಿಗೆ ಹೋಗದೆ, ಕುಲುಮೆಗೆ ಬೀಳುವ ಮುಂಚೆ ಅವರು ಆಡಿದ ಮಾತಿನಲ್ಲೇ ನಿಂತೆವು.

ಡಿಸೆಂಬರ್ 21ರ ಸಂಜೆ ಗುರು ಮತ್ತು ಶನಿ ಗ್ರಹಗಳು 1623ರ ನಂತರ ಮೊದಲ ಬಾರಿಗೆ ಅಷ್ಟು ಹತ್ತಿರ ಕಾಣಿಸಿಕೊಂಡವು. ಮಹಡಿಯ ಮೇಲೆ ನಿಂತು ಪಡುವಣ ಆಕಾಶವನ್ನು ನೋಡುತ್ತಿದ್ದ ಮಗ, ಯೇಸು ಹುಟ್ಟಿದಾಗ ಮೂಡಣದ ಜೋಯಿಸರು ಕಂಡ ನಕ್ಷತ್ರ ಇದೇ ಏನು ಎಂದು ಕೇಳಿದ. ಇದು ಅದಲ್ಲ ಎಂದು ಹೇಳಿ, ಜೋಯಿಸರು ಹೋದ ಮೇಲೆ ಏನಾಯಿತು ಎಂಬುದನ್ನು ಮತ್ತಾಯನ ಸುವಾರ್ತೆಯ ಎರಡನೆಯ ಅಧ್ಯಾಯದಿಂದ ವಿವರಿಸಿದೆ. ಅರಸ ಹೆರೋದನ ಕತ್ತಿಗೆ ಹೆದರಿ, ರಾತ್ರೋರಾತ್ರಿ ಮಗು ಯೇಸುವನ್ನೂ ತಾಯಿ ಮರಿಯಳನ್ನೂ ಕರೆದುಕೊಂಡು ಯೋಸೇಫನು ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಹೋದನು; ಲೋಕರಕ್ಷಕನ ಮನೆಯವರೂ ಪರದೇಶದಲ್ಲಿ, ಮುಂದೇನು ಎಂದು ತಿಳಿಯದೆ ಬದುಕಿದವರು. "ಐಗುಪ್ತದಾಗ ಯೋಸೇಫಗ ಬಡಗಿ ಕೆಲಸ ಸಿಕ್ಕಿತ್ತೇನು?" ಎಂದು ಎಂಟು ವರ್ಷದ ಅವನು ಕೇಳಿದಾಗ, ಬೈಬಲಿನಲ್ಲಿ ಅದು ಬರೆದಿಲ್ಲ ಎಂದೆ.

ಆದರೆ ಮಕ್ಕಳ ಮನಸ್ಸಿಗೆ ಹೆಚ್ಚು ನಾಟಿದ್ದು ನನ್ನ ಪಾಠವಲ್ಲ, ಹುಮನಾಬಾದ್ ಕಡೆಯ ಹಳ್ಳಿಯಲ್ಲಿರುವ ನಮ್ಮ ಅತ್ತೆಯವರು ವಿಡಿಯೊ ಕರೆಯಲ್ಲಿ ಹೇಳಿದ 1972ರ ಬರಗಾಲದ ಕಥೆ. ಅವರು ಆಗ ಹೊಸ ಸೊಸೆ. ತೊಗರಿ ಹೂವಾಡಲಿಲ್ಲ, ಜೋಳ ತೆನೆ ಹಿಡಿಯಲಿಲ್ಲ, ಎತ್ತುಗಳನ್ನು ಮಾರಿದರು, ಬಾವಿಯ ತಳ ಕಂಡಿತು. ಗಂಡ ಹೆಂಡತಿ ಇಬ್ಬರೂ ಸರ್ಕಾರದ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದು, ಹಂಚಿಕೆಯಲ್ಲಿ ಸಿಕ್ಕ ಕೆಂಪು ಜೋಳದ ರೊಟ್ಟಿ ತಿಂದರು. ಆ ಕ್ರಿಸ್‌ಮಸ್‌ಗೆ ಬೆಲ್ಲವಿರಲಿಲ್ಲ, ಹೋಳಿಗೆಯೂ ಆಗಲಿಲ್ಲ. ಆದರೂ ಅವರ ಅತ್ತೆ, ಅಂದರೆ ಮಕ್ಕಳ ಮುತ್ತಜ್ಜಿ, ರೊಟ್ಟಿಗೆ ಹಿಟ್ಟು ಬೀಸುವ ಮುನ್ನ ಒಂದು ಹಿಡಿ ಜೋಳವನ್ನು ಸಭೆಗೆಂದು ಗಡಿಗೆಯಲ್ಲಿ ತೆಗೆದಿಡುವುದನ್ನು ಒಂದು ದಿನವೂ ಬಿಡಲಿಲ್ಲವಂತೆ. ನಮಗೇ ಇಲ್ಲವಲ್ಲ ಎಂದು ಸೊಸೆ ಅಂದದ್ದಕ್ಕೆ, ನಮಗಿಂತಲೂ ಇಲ್ಲದವರು ಸಭೆಯಲ್ಲಿ ಇದ್ದಾರೆ ಎಂದರಂತೆ. ಆ ಮುತ್ತಜ್ಜಿಗೆ ಓದು ಬರುತ್ತಿರಲಿಲ್ಲ, ಆದರೆ ಪಾದ್ರಿಗಳು ಓದಿ ಹೇಳಿದ, ಬೈಬಲಿನ ಪ್ರವಾದಿ ಹಬಕ್ಕೂಕನ ಪ್ರಾರ್ಥನೆ ಅವರಿಗೆ ಬಾಯಿಪಾಠವಾಗಿತ್ತು: ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ದನಕರುಗಳಿಲ್ಲದಿದ್ದರೂ ನಾನು ನನ್ನ ದೇವರಲ್ಲಿ ಆನಂದಿಸುವೆನು ಎಂಬ ಮಾತು. ಬೀದರ್ ಸೀಮೆಯ ಒಣಭೂಮಿಯ ರೈತರಿಗೆ ಆ ಪ್ರವಾದಿ ತಮ್ಮ ಊರಿನವನೇ ಎನಿಸಿದ್ದರೆ ಆಶ್ಚರ್ಯವಿಲ್ಲ.

ಮರುದಿನ ಮಗಳು ಅಡುಗೆಮನೆಯ ಒಂದು ಖಾಲಿ ಡಬ್ಬಿ ತೊಳೆದು ಅಕ್ಕಿಯ ಪಕ್ಕದಲ್ಲಿಟ್ಟಳು. ಹಬ್ಬದವರೆಗೆ ಅದರಲ್ಲಿ ಸೇರಿದ ಅಕ್ಕಿಯನ್ನು, ನಮ್ಮ ಕಟ್ಟಡದಲ್ಲೇ ಹಿಂದಿನ ತಿಂಗಳು ಕೆಲಸ ಕಳೆದುಕೊಂಡಿದ್ದ ಒಂದು ಮಲಯಾಳಿ ಕುಟುಂಬಕ್ಕೆ ಇಬ್ಬರೂ ಒಯ್ದು ಕೊಟ್ಟುಬಂದರು. ಹಬ್ಬದ ದಿನ ಹಳೆಯ ಬಟ್ಟೆಗಳನ್ನೇ ಇಸ್ತ್ರಿ ಮಾಡಿ ಹಾಕಿಕೊಂಡೆವು. ಬೇಳೆ ಬೆಲ್ಲ ಇದ್ದುದರಿಂದ ಹೋಳಿಗೆಯಾಯಿತು. ಢೋಲಕ್ ಇಲ್ಲದ ಕಾರಣ ಮಗ ಊಟದ ಮೇಜನ್ನೇ ಬಾರಿಸಿದ. ಆರಾಧನೆಯಲ್ಲಿ ಪಾಸ್ಟರ್ ಸಾಕ್ಷಿ, ಅಂದರೆ ದೇವರು ತಮಗೆ ಮಾಡಿದ ಉಪಕಾರವನ್ನು, ಹೇಳುವವರು ಯಾರಾದರೂ ಇದ್ದೀರಾ ಎಂದು ಕೇಳಿದಾಗ ನನ್ನ ಯಜಮಾನರು ಮೈಕ್ ತೆರೆದು, ಕೆಲಸ ಇನ್ನೂ ಸಿಕ್ಕಿಲ್ಲ, ಆದರೂ ಸ್ತೋತ್ರ ಸಲ್ಲಿಸಲು ಬಂದಿದ್ದೇನೆ ಎಂದರು.

ಮುಂದಿನ ವರ್ಷ ಹಿಂದಿನದಕ್ಕಿಂತ ಕಡಿಮೆ ಸಂಬಳದ ಒಂದು ಕೆಲಸ ಸಿಕ್ಕಿತು. ಡಬ್ಬಿ ಈಗಲೂ ಅಕ್ಕಿಯ ಪಕ್ಕದಲ್ಲೇ ಇದೆ, ಅದಕ್ಕೆ ಹಿಡಿ ಅಕ್ಕಿ ಹಾಕುವ ಸರದಿ ಮಕ್ಕಳಿಬ್ಬರದು.