ಶನಿ ಸುತ್ತ ಉಲ್ಟಾ ಸುತ್ತೋ ಫೀಬಿ

ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದ ರೇಷ್ಮೆ ಹುಳಕ್ಕೆ ರಾತ್ರಿ ಕೊನೇ ಸೊಪ್ಪು ಹಾಕಿ ಅಕ್ಕನ ಮಗನ್ನ ಕರ್ಕೊಂಡು ತಾರಸಿ ಹತ್ತಿದೆ, ಶಿಡ್ಲಘಟ್ಟದ ಕಡೆ ನಮ್ಮೂರಲ್ಲಿ ಲೈಟು ಕಮ್ಮಿ, ಸಣ್ಣ ಟೆಲಿಸ್ಕೋಪಲ್ಲೇ ಶನಿ ಉಂಗುರ, ಪಕ್ಕದಲ್ಲಿ ಅದರ ಉಪಗ್ರಹ ಟೈಟನ್ ಚುಕ್ಕಿ ಎಲ್ಲಾ ಚೆನ್ನಾಗ್ ಕಾಣುತ್ತೆ.

"ಮಾವ, ಫೀಬಿ ಎಲ್ಲಿ?" ಅಂದ.

ಫೀಬಿನೂ ಶನಿಯ ಉಪಗ್ರಹವೇ, ಆದ್ರೆ ನಮ್ಮ ಟೆಲಿಸ್ಕೋಪಿಗೆ ಸಿಗಲ್ಲ. ಸುಮಾರು 213 ಕಿಮೀ ಅಗಲದ ಕಪ್ಪು ಉಂಡೆ, ಶನಿಯಿಂದ 1.3 ಕೋಟಿ ಕಿಮೀ ದೂರ. 1899ರಲ್ಲಿ ವಿಲಿಯಂ ಪಿಕರಿಂಗ್ ಅದನ್ನ ಕಂಡುಹಿಡಿದಿದ್ದೂ ಹಿಂದಿನ ವರ್ಷ ಪೆರುವಿನಲ್ಲಿ ತೆಗೆದ ಫೋಟೋ ಪ್ಲೇಟುಗಳನ್ನ ನೋಡಿ, ಫೋಟೋದಲ್ಲಿ ಸಿಕ್ಕ ಮೊದಲ ಉಪಗ್ರಹ ಅದೇ.

ಶನಿಯನ್ನ ಒಂದು ಸುತ್ತು ಹಾಕೋಕೆ ಅದಕ್ಕೆ 550 ದಿನ ಬೇಕು, ಅದೂ ಉಲ್ಟಾ. ತಾತನ ಕಾಲದಲ್ಲಿ ಕಣದಲ್ಲಿ ರಾಗಿ ಒಕ್ಕೋಕೆ ಕಲ್ಲುಗುಂಡು ಎಳೆಸೋವಾಗ ಎಷ್ಟು ಜೊತೆ ಎತ್ತು ಕಟ್ಟಿದ್ರೂ ಎಲ್ಲಾ ಒಂದೇ ಕಡೆ ಸುತ್ತೋವು, ಎದುರುಗಡೆಯಿಂದ ಒಂದು ಬಂತು ಅಂದ್ರೆ ಅದು ನಮ್ ಕಣದ್ದಲ್ಲ ಅಂತ್ಲೇ ಅರ್ಥ. ಟೈಟನ್ ತರದ ದೊಡ್ಡ ಉಪಗ್ರಹಗಳು ಶನಿ ಸುತ್ತ ತಿರುಗ್ತಿದ್ದ ಅನಿಲ ಧೂಳಲ್ಲೇ ಹುಟ್ಟಿದ್ವು, ಹಂಗಾಗಿ ಶನಿ ತಿರುಗೋ ಕಡೆಗೇ ಸುತ್ತುತ್ವೆ. ಫೀಬಿ ಹೊರಗಡೆ ಎಲ್ಲೋ ಹುಟ್ಟಿ, ಬಹುಶಃ ನೆಪ್ಚೂನ್ ಆಚೆಯಿಂದ ಬಂದು ಶನಿ ಕೈಗೆ ಸಿಕ್ಕಿಹಾಕ್ಕೊಂಡಿದ್ದು ಅಂತ ವಿಜ್ಞಾನಿಗಳು ಹೇಳ್ತಾರೆ.

ಆಮೇಲೆ ಮೊಬೈಲಲ್ಲಿ, ಶನಿ ಕಡೆ ಹೋಗಿದ್ದ ಕ್ಯಾಸಿನಿ ನೌಕೆ ತೆಗೆದ ಫೀಬಿ ಫೋಟೋ ಝೂಮ್ ಮಾಡಿ ತೋರಿಸ್ದೆ. ಮೈ ತುಂಬಾ ಗುಂಡಿ, ಗುಂಡಿಯ ಗೋಡೆಯಲ್ಲಿ ಮೇಲಿನ ಕಪ್ಪು ಪದರ ಜಾರಿದ ಕಡೆ ಬೆಳ್ಳಗೆ ಗೀಟು ಗೀಟು, ಅದೇ ಒಳಗಿನ ಮಂಜುಗಡ್ಡೆ. ರೋಡಿಗೆ ಅಂತ ಗುಡ್ಡ ಕಡಿದಾಗ ಕೆಂಪು ಮಣ್ಣಿನ ಕೆಳಗೆ ಬಿಳೀ ಮಣ್ಣು ಕಾಣುತ್ತಲ್ಲ, ಹಂಗೇ ಇದೆ, ಹುಡುಗ ಅದನ್ನ ಬೆರಳಲ್ಲಿ ಉಜ್ಜಿ ಉಜ್ಜಿ ನೋಡ್ದ.

ನನಗೆ ಇನ್ನೂ ಆಶ್ಚರ್ಯ ಅನ್ಸೋದು ಧೂಳಿನ ವಿಷಯ. ಉಲ್ಕೆಗಳ ಚೂರು ಬಡಿದು ಫೀಬಿಯಿಂದ ಎದ್ದ ಧೂಳು ಶನಿ ಸುತ್ತ ಭಾರೀ ದೊಡ್ಡ ಉಂಗುರ ಆಗಿದೆ, ಧೂಳು ಎಷ್ಟು ವಿರಳ ಅಂದ್ರೆ 2009ರಲ್ಲಿ ಸ್ಪಿಟ್ಜರ್ ದೂರದರ್ಶಕ ಅತಿಕೆಂಪು ಬೆಳಕಲ್ಲಿ ನೋಡೋವರೆಗೂ ಯಾರಿಗೂ ಕಂಡಿರ್ಲಿಲ್ಲ. ಆ ಧೂಳು ನಿಧಾನಕ್ಕೆ ಒಳಗೆ ಜಾರ್ತಾ ಎದುರಿಗೆ ಬರೋ ಐಯಾಪೆಟಸ್ ಅನ್ನೋ ಇನ್ನೊಂದು ಶನಿ ಉಪಗ್ರಹದ ಮುಖಕ್ಕೆ ಬಡೀತಾ ಬಂದಿದೆ, ಐಯಾಪೆಟಸ್ ಒಂದು ಮಗ್ಗುಲು ಮಸಿ, ಇನ್ನೊಂದು ಮಗ್ಗುಲು ಬಿಳುಪು ಇರೋದಕ್ಕೆ ಅಲ್ಲಿಂದ್ಲೇ ಶುರು.

ಕ್ಯಾಸಿನಿ 2004 ಜೂನ್ 11ಕ್ಕೆ ಫೀಬಿಯಿಂದ ಸುಮಾರು 2,068 ಕಿಮೀ ಹತ್ರದಲ್ಲಿ ಹಾದುಹೋಯ್ತು. ಶನಿ ಹತ್ರ ಸೇರಿದ ಮೇಲೆ ಮತ್ತೆ ಅಷ್ಟು ಹತ್ರ ಹೋಗ್ಲೇ ಇಲ್ಲ, ಫೀಬಿ ಇರೋದೇ ಅಷ್ಟು ಆಚೆ. ಯಾರಾದ್ರೂ ಇನ್ನೊಂದ್ಸಲ ಹೋಗಿ, ಸಾಧ್ಯ ಆದ್ರೆ ಇಳಿದು ನೋಡ್ಬೇಕು ಅಂತ ನನಗೆ ತುಂಬಾ ಆಸೆ.