ಗಿಟಾರ್‌ಗೂ ಟಿಕೆಟ್ ತಗೊಂಡು ಕೆಜಿಎಫ್‌ಗೆ ಹೋಗಿಬಂದೆವು

ಕೆಜಿಎಫ್‌ಗೆ ಬಸ್ಸಲ್ಲಿ ಹೋಗಬೇಡಿ. ಕೈಯಲ್ಲಿ ಗಿಟಾರ್ ಇದ್ದರಂತೂ ಬೇಡವೇ ಬೇಡ. ಉಳಿದದ್ದು ನಿಧಾನಕ್ಕೆ ಹೇಳುತ್ತೇನೆ.

ನಾವು ಮೂರು ಜನ ತುಮಕೂರಿನವರು. ಎಸ್.ಎಸ್. ಪುರಂನ ಒಂದು ಮಹಡಿ ರೂಮಿನಲ್ಲಿ ಇಪ್ಪತ್ತು ವರ್ಷದಿಂದ ಪ್ರಾಗ್ ರಾಕ್, ಅಂದರೆ ಪ್ರೋಗ್ರೆಸಿವ್ ರಾಕ್, ಕೇಳುತ್ತಾ ಕೂತವರು. ಇಪ್ಪತ್ತು ನಿಮಿಷದ ಹಾಡು, ಮಧ್ಯೆ ಏಳೆಂಟು ಸಲ ತಾಳ ಬದಲಾಗುತ್ತೆ, ಕೆಳಗಿನಿಂದ ಮನೆಯವರು "ಇನ್ನೂ ಮುಗಿದಿಲ್ವಾ" ಅಂತ ಕೂಗುತ್ತಾರೆ. ಆ ಥರದ ಸಂಗೀತ. ನಮಗೆ ಈ ಹುಚ್ಚು ಹಿಡಿಸಿದ್ದು ಯೆಸ್ ಅನ್ನೋ ಇಂಗ್ಲೆಂಡಿನ ಬ್ಯಾಂಡು. ಅದರ ಬಾಸ್ ಗಿಟಾರ್ (ದಪ್ಪ ಸ್ವರದ, ನಾಲ್ಕು ತಂತಿಯ ಗಿಟಾರ್) ನುಡಿಸುತ್ತಿದ್ದವರು ಕ್ರಿಸ್ ಸ್ಕ್ವೈರ್. 2015ರ ಜೂನ್ 27ಕ್ಕೆ ಅಮೆರಿಕದ ಫೀನಿಕ್ಸ್‌ನಲ್ಲಿ ರಕ್ತದ ಕ್ಯಾನ್ಸರ್‌ನಿಂದ ಹೋದರು. 67 ವರ್ಷ. 2025ರ ಜೂನ್‌ಗೆ ಹತ್ತು ವರ್ಷ ತುಂಬಿತು.

ಕೆಜಿಎಫ್‌ನಲ್ಲಿ ಒಬ್ಬರು ಅಂಕಲ್ ಇದ್ದಾರೆ. ಚಾಂಪಿಯನ್ ರೀಫ್ ಗಣಿಯಲ್ಲಿ ಫಿಟ್ಟರ್ ಆಗಿದ್ದವರು, ಕ್ಲಬ್ಬಿನ ಡಾನ್ಸ್ ಬ್ಯಾಂಡಿನಲ್ಲಿ ಬಾಸ್ ನುಡಿಸಿದವರು. 2001ರಲ್ಲಿ ಗಣಿ ಮುಚ್ಚಿತು, ಅವರ ಕೆಲಸವೂ ಹೋಯಿತು, ಬ್ಯಾಂಡೂ ಹೋಯಿತು. ಬಾಸ್ ಮಾತ್ರ ಉಳಿಯಿತು. ಜೂನ್ 28ರ ಶನಿವಾರ ಸಂಜೆ ಸ್ಕ್ವೈರ್ ನೆನಪಿಗೆ ಅವರ ಮನೆಯಲ್ಲಿ ಎಲ್ಲರೂ ಸೇರೋದು ಅಂತ ಆಯಿತು. ನನ್ನ ಗೆಳೆಯ ಮನೆಯಲ್ಲಿ "ತಿಥಿಗೆ ಹೋಗ್ತಿದೀನಿ" ಅಂದುಬಿಟ್ಟ. ಅವರಮ್ಮ ಗಾಬರಿಯಾಗಿ ಯಾರದ್ದು ಅಂತ ಕೇಳಿದರು. ವಿಷಯ ಗೊತ್ತಾದ ಮೇಲೆ, "ಲಂಡನ್ನಿನವನ ತಿಥಿಗೆ ಕೋಲಾರದ ಕಡೆ ಯಾಕೋ ಹೋಗ್ತೀಯ?" ಅಂದರು. ಸರಿಯಾದ ಪ್ರಶ್ನೆನೇ.

ತುಮಕೂರಿನಿಂದ ಬೆಂಗಳೂರಿಗೆ ರೈಲು. ಅಲ್ಲಿಂದ ಮಾರಿಕುಪ್ಪಂ ರೈಲು ಹಿಡಿಯಬೇಕಿತ್ತು, ಕೆಜಿಎಫ್ ಲೈನಿನ ಕೊನೆ ಸ್ಟೇಷನ್ ಅದು. ಕಾಫಿ ಕುಡಿಯುತ್ತಾ ನಿಂತು ತಪ್ಪಿಸಿಕೊಂಡೆವು. ನನ್ನದೇ ತಪ್ಪು, ಒಪ್ಪಿಕೊಳ್ಳುತ್ತೇನೆ. ಹೊರಗೆ ಬಂದರೆ ಒಂದು ಖಾಸಗಿ ಬಸ್ಸು, "ಕೆಜಿಎಫ್ ನಾನ್‌ಸ್ಟಾಪ್, ಕೆಜಿಎಫ್ ನಾನ್‌ಸ್ಟಾಪ್" ಅಂತ ಕೂಗುತ್ತಿತ್ತು. ಹತ್ತಿದೆವು.

ಗೆಳೆಯನ ಬಾಸ್ ಗಟ್ಟಿ ಪೆಟ್ಟಿಗೆಯಲ್ಲಿತ್ತು. ಬಾಸ್‌ನ ಕತ್ತು ಮಾಮೂಲಿ ಗಿಟಾರ್‌ಗಿಂತ ಉದ್ದ. ಮೇಲಿನ ರ‍್ಯಾಕ್‌ಗೆ ಹಿಡಿಸಲಿಲ್ಲ, ಕಾಲ ಹತ್ತಿರವೂ ಹಿಡಿಸಲಿಲ್ಲ. ಕಿಟಕಿ ಪಕ್ಕದ ಸೀಟಿಗೆ ಒರಗಿಸಿದೆವು. ಬಸ್ಸು ಅರ್ಧ ಖಾಲಿ. ಕಂಡಕ್ಟರ್ ಬಂದು ನಾಲ್ಕು ಟಿಕೆಟ್ ಹರಿದ.

"ಮೂರು ಜನ ಅಣ್ಣ," ಅಂದೆ.

"ಅದೂ ಕೂತಿದೆಯಲ್ಲ ಸಾರ್. ಕೂತ್ರೆ ಟಿಕೆಟ್ಟು."

"ಹಾಗಾದ್ರೆ ನಿಲ್ಲಿಸ್ತೀವಿ."

"ನಿಂತ್ರೂ ಟಿಕೆಟ್ಟೇ ಅಲ್ವಾ ಸಾರ್?"

150 ರೂಪಾಯಿ ಕೊಟ್ಟೆವು. ಬೈಯಬೇಕು ಅನ್ನಿಸಿತು, ಆದರೆ ಉತ್ತರಕ್ಕೆ ನಗುವೂ ಬಂತು. ನಗು ನಿಂತದ್ದು ಆಮೇಲೆ. ಹೊಸಕೋಟೆಯಲ್ಲಿ ಇಪ್ಪತ್ತು ನಿಮಿಷ. ನರಸಾಪುರದಲ್ಲಿ ಹತ್ತು. ನಡುವೆ ಯಾರು ಕೈ ಅಡ್ಡ ಹಾಕಿದರೂ ನಿಲ್ಲುತ್ತಿತ್ತು. ಕೋಲಾರ ಬಂದಾಗ, "ಮುಂದಕ್ಕೆ ಹೋಗಲ್ಲ, ಆ ಬಸ್ಸು ಹತ್ಕೊಳ್ಳಿ" ಅಂತ ಇಳಿಸಿ, ಹಿಂದೆ ನಿಂತಿದ್ದ ಇನ್ನೊಂದು ಬಸ್ಸು ತೋರಿಸಿ ಹೊರಟೇ ಹೋದರು. ಆ ಬಸ್ಸಿನಲ್ಲಿ ಕಾಲಿಡೋಕೆ ಜಾಗವಿಲ್ಲ. ನನಗೆ ಜನಜಂಗುಳಿ ಆಗಲ್ಲ, ಉಸಿರು ಕಟ್ಟುತ್ತೆ. ಬಂಗಾರಪೇಟೆ ತನಕ ಒಂದು ಕೋಳಿ ಬುಟ್ಟಿ ಮತ್ತು ಬಾಸ್ ಪೆಟ್ಟಿಗೆಯ ನಡುವೆ ನಿಂತಿದ್ದೆ. ಮೆಜೆಸ್ಟಿಕ್‌ನಿಂದ ಕೆಜಿಎಫ್‌ಗೆ ಸುಮಾರು 100 ಕಿ.ಮೀ. ಸೀದಾ ಹೋಗುವ ಸರ್ಕಾರಿ ಬಸ್ಸುಗಳು ಇವೆ ಅಂತ ಆಮೇಲೆ ಗೊತ್ತಾಯಿತು. ಏನೇ ಆಗಲಿ, "ನಾನ್‌ಸ್ಟಾಪ್" ಅಂದರೆ ಹತ್ತುವ ಮುಂಚೆ, "ಕೋಲಾರದಲ್ಲಿ ಇಳಿಸ್ತೀರಾ?" ಅಂತ ಒಂದು ಮಾತು ಕೇಳಿ.

ರೂಮಿನ ವಿಷಯ ಇನ್ನೂ ಕೆಟ್ಟದ್ದು, ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೊಬೈಲಲ್ಲಿ ನೋಡಿದ ಫೋಟೋದಲ್ಲಿ ಹಳೇ ಬ್ರಿಟಿಷ್ ಬಂಗಲೆ, ಬೆಂಕಿಗೂಡು, ಬೆತ್ತದ ಕುರ್ಚಿ. ಒಂದು ರಾತ್ರಿಗೆ 2,800. ಹೋದರೆ ಬಂಗಲೆ ಇತ್ತು, ಸುಳ್ಳಲ್ಲ. ನಮ್ಮ ರೂಮು ಅದರ ಹಿಂದೆ, ಶೀಟ್ ಹಾಕಿದ ಹೊಸ ಕಟ್ಟಡದಲ್ಲಿ. ಗೋಡೆ ಮುಟ್ಟಿದರೆ ಕೈ ಒದ್ದೆ. ಮೂರನೆಯವನಿಗೆ 600 ಬೇರೆ, ಅದಕ್ಕೆ ಕೊಟ್ಟದ್ದು ಒಂದು ಚಾಪೆಯಷ್ಟು ತೆಳ್ಳಗಿನ ಹಾಸಿಗೆ. ಬಿಸಿನೀರು ಬೆಳಗ್ಗೆ ಆರರಿಂದ ಏಳು, ಬಕೆಟ್ ಲೆಕ್ಕ. ಬೆತ್ತದ ಕುರ್ಚಿ ಎಲ್ಲಿ ಅಂತ ಕೇಳಿದೆ. "ಅದು ಶೂಟಿಂಗ್‌ಗೆ ಮಾತ್ರ" ಅಂದ ಹುಡುಗ. ನೀವು ಹೋದರೆ ರಾಬರ್ಟ್‌ಸನ್‌ಪೇಟೆ ಪೇಟೆಬೀದಿಯ ಸಾದಾ ಲಾಡ್ಜ್ ನೋಡಿ. ನಮ್ಮ ಜೊತೆ ಸೇರಿದ ಚಿಕ್ಕಬಳ್ಳಾಪುರದ ಹುಡುಗರು 700 ರೂಪಾಯಿಗೆ ಒಣಗಿದ ಗೋಡೆಯ ರೂಮಲ್ಲಿ ಮಲಗಿದ್ದರು.

ಅಂಕಲ್ ಮನೆ ಗಣಿಯವರ ಹಳೇ ಕ್ವಾರ್ಟರ್ಸ್ ಸಾಲಿನಲ್ಲಿ. ಹಾಲ್ ಅಂದರೆ ಹಾಲ್ ಅಲ್ಲ, ಎರಡು ರೂಮಿನ ನಡುವಿನ ಗೋಡೆ ಒಡೆದದ್ದು. ಮೂವತ್ತು ಜನ ಇದ್ದೆವೇನೋ. ನೆಲದ ಮೇಲೆ ಕೂತೆವು, ಆದ್ದರಿಂದ ನನಗೆ ತೊಂದರೆ ಆಗಲಿಲ್ಲ. ಕುರ್ಚಿ ಒಂದೇ ಇತ್ತು. ಅದರ ಮೇಲೆ ಅಂಕಲ್‌ನ ಬಾಸ್. 2015ರ ಆಗಸ್ಟ್‌ನಲ್ಲಿ ಸ್ಕ್ವೈರ್ ಇಲ್ಲದೆ ಯೆಸ್ ಮತ್ತೆ ಟೂರ್ ಶುರುಮಾಡಿದಾಗ, ಅವರ ಬಿಳಿ ರಿಕನ್‌ಬ್ಯಾಕರ್ ಬಾಸನ್ನು ಖಾಲಿ ವೇದಿಕೆಯಲ್ಲಿ ನಿಲ್ಲಿಸಿ ಅದರ ಮೇಲೆ ಬೆಳಕು ಬಿಟ್ಟಿದ್ದರು. ಅದನ್ನೇ ಇಲ್ಲಿ ಮಾಡಿದ್ದರು, ಸ್ಪಾಟ್‌ಲೈಟ್ ಬದಲು ಟ್ಯೂಬ್‌ಲೈಟು. ಯಾರೋ ಭಕ್ತಿಯಿಂದ ಸೇವಂತಿಗೆ ಹಾರ ತಂದು ಬಾಸ್‌ಗೆ ಹಾಕಿದರು. ಅಂಕಲ್ ಒಳಗಿನಿಂದ ಓಡಿಬಂದು ಕಿತ್ತು ತೆಗೆದರು.

"ತೆಗಿ ತಂಬಿ, ತೆಗಿ! ಹೂವು ಒದ್ದೆ ಇದೆ. ತಂತಿ ತುಕ್ಕು ಹಿಡೀತದೆ. ನಾಲ್ಕು ತಂತಿ ಸೆಟ್ಟು ಎಷ್ಟು ಗೊತ್ತಾ?"

ಹಾರ ಕುರ್ಚಿಯ ಕೈಗೆ ಹೋಯಿತು. ಅಂಕಲ್ ಪಂಚೆ ತುದಿಯಿಂದ ಒಂದೊಂದೇ ತಂತಿ ಒರೆಸಿದರು, ಕೆಳಗಿನಿಂದ ಮೇಲಿನವರೆಗೆ, ಮಗುವಿನ ಮೂಗು ಒರೆಸಿದ ಹಾಗೆ. ಅಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಶ್ರದ್ಧಾಂಜಲಿ ಭಾಷಣ ಅಂತ ಇದ್ದದ್ದು ಅಷ್ಟೇ.

ಆಮೇಲೆ ಮಾತೋ ಮಾತು. ಯಾರ‍್ಯಾರು ಯಾವ ಕಾನ್ಸರ್ಟ್ ನೋಡಿದ್ದಾರೆ ಅಂತ ಶುರುವಾದರೆ ಇಂಥ ಗುಂಪಿನಲ್ಲಿ ನಿಲ್ಲುವುದೇ ಇಲ್ಲ. ಒಬ್ಬರು 2001ರಲ್ಲಿ ಬೆಂಗಳೂರಲ್ಲಿ ಡೀಪ್ ಪರ್ಪಲ್ ನೋಡಿದವರು. ಇನ್ನೊಬ್ಬರು 2002ರ ರಾಜರ್ ವಾಟರ್ಸ್. ಅವರು ಆ ರಾತ್ರಿಯ ಮಾತೆತ್ತಿದರೆ ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ. ನನ್ನದು 2011ರ ಅಕ್ಟೋಬರ್ 30, ಅರಮನೆ ಮೈದಾನ, ಮೆಟಾಲಿಕಾ. ನಾನು ನೋಡಿದ್ದು ಮುಂದಿನವನ ತಲೆ ಮತ್ತು ದೂರದ ಒಂದು ಸ್ಕ್ರೀನು. ಅವತ್ತೇ ನಿರ್ಧಾರ ಮಾಡಿದೆ, ಇನ್ನು ಮೈದಾನದ ಕಾನ್ಸರ್ಟ್ ಸಾಕು ಅಂತ. ಗೆಳೆಯ ಒಪ್ಪಲ್ಲ. "ಎಲ್ಲರೂ ಒಟ್ಟಿಗೆ ಹಾಡುವಾಗ ಮೈ ಜುಂ ಅನ್ನಲ್ವೇನೋ?" ಅಂತಾನೆ. ಅನ್ನುತ್ತೆ, ಇಲ್ಲ ಅನ್ನಲ್ಲ. ಆದರೆ ಬಾಸ್ ಕೇಳಿಸಲ್ಲ ಮಾರಾಯ, ಎದೆಗೆ ಬರೀ ಗುದ್ದು. (ತುಮಕೂರಿನವರಿಗೆ ಒಂದು ಮಾತು: 2024ರ ನವೆಂಬರ್‌ನಲ್ಲಿ ಮಾದಾವರದ ತನಕ ಮೆಟ್ರೋ ಬಂದಮೇಲೆ ಊರೊಳಗಿನ ಕಾನ್ಸರ್ಟ್ ಮುಗಿಸಿ ಬರೋದು ಸಲೀಸಾಗಿದೆ. ಅಲ್ಲಿಂದ ಹೆದ್ದಾರಿಯಲ್ಲಿ ಬಸ್ಸು ಹಿಡಿಯಬಹುದು.) ಯೆಸ್ ಬ್ಯಾಂಡನ್ನು ಎದುರಿಗೆ ನೋಡಿದವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ.

2016ರ ಡಿಸೆಂಬರ್‌ನಲ್ಲಿ ಗ್ರೆಗ್ ಲೇಕ್ ಹೋದರು, 2017ರ ಜನವರಿಯಲ್ಲಿ ಜಾನ್ ವೆಟ್ಟನ್. ಇಬ್ಬರೂ ಬೇರೆ ಪ್ರಾಗ್ ಬ್ಯಾಂಡುಗಳಲ್ಲಿ ಬಾಸ್ ನುಡಿಸುತ್ತಾ ಹಾಡುತ್ತಿದ್ದವರೇ. ಒಂದೂವರೆ ವರ್ಷ ಚಿಲ್ಲರೆಯಲ್ಲಿ ಮೂರು ಜನ. "ಬಾಸ್‌ನವರಿಗೇ ಕಣ್ಣು ಬಿದ್ದಿತ್ತು" ಅಂದರು ಒಬ್ಬರು. 1968ರಲ್ಲಿ ಸ್ಕ್ವೈರ್ ಮತ್ತು ಹಾಡುಗಾರ ಜಾನ್ ಆಂಡರ್ಸನ್ ಸೇರಿ ಕಟ್ಟಿದ ಬ್ಯಾಂಡು ಯೆಸ್. ಆಮೇಲೆ ಆಂಡರ್ಸನ್ ಸಮೇತ ಎಲ್ಲರೂ ಹೋಗಿಬಂದು ಮಾಡಿದರು. ಸ್ಕ್ವೈರ್ ಇರುವ ತನಕ ಅವರಿಲ್ಲದ ಒಂದು ಆಲ್ಬಮ್ಮೂ ಬರಲಿಲ್ಲ. ಹೋಗುವ ಮುಂಚೆ ತನ್ನ ಜಾಗಕ್ಕೆ ಬಿಲ್ಲಿ ಶೆರ್ವುಡ್ ಅಂತ ಅವರೇ ಹೇಳಿಹೋದರು.

ನಾನು ಯಾವತ್ತೂ ಬಾಸ್ ಕಲಿತವನಲ್ಲ. ಅಂಕಲ್ ನನ್ನ ಕೈ ಹಿಡಿದು ಪಿಕ್, ಅಂದರೆ ತಂತಿ ಮೀಟುವ ಚಿಕ್ಕ ಬಿಲ್ಲೆ, ಕೊಟ್ಟರು. ತುದಿ ಸ್ವಲ್ಪ ಮಾತ್ರ ಹೊರಗೆ ಬಿಟ್ಟು ಹಿಡಿಸಿದರು. "ಪಿಕ್ ತಂತಿ ಹೊಡೀಬೇಕು, ಕೂಡಲೇ ಹೆಬ್ಬೆಟ್ಟೂ ತಾಗಬೇಕು. ಆಗ ಟಂಗ್ ಅಂತದೆ. ಸ್ಕ್ವೈರ್ ಹಾಗೇ ಹೊಡೀತಾ ಇದ್ದಿದ್ದು." ಐದು ಸಲ ಹೊಡೆದೆ, ಐದು ಸಲವೂ ಸತ್ತ ಸದ್ದು. ಆರನೆಯದಕ್ಕೆ ಹೆಬ್ಬೆರಳ ಚರ್ಮ ತಂತಿಗೆ ತಾಗಿತು. ಕಂಚಿನ ತಟ್ಟೆಗೆ ಚಮಚ ಬಿದ್ದ ಹಾಗೆ ಒಂದು ಚೂರು ಸದ್ದು, ಅಡಿಯಲ್ಲಿ ದಪ್ಪ ಸ್ವರ. ಅಷ್ಟು ವರ್ಷ ಸ್ಪೀಕರಲ್ಲಿ ಕೇಳಿದ್ದು ಇದೇನಾ ಅಂತ ಮತ್ತೆ ಹೊಡೆದೆ, ಬರಲಿಲ್ಲ. ಇನ್ನೊಂದು ಗುಟ್ಟೂ ಹೇಳಿದರು: ಸ್ಕ್ವೈರ್ ತಮ್ಮ ಬಾಸ್‌ನ ಎರಡು ಪಿಕಪ್‌ಗಳ (ತಂತಿಯ ಸದ್ದು ಹಿಡಿಯುವ ಭಾಗ) ಸದ್ದನ್ನು ಬೇರೆ ಬೇರೆ ಕೇಬಲ್‌ನಲ್ಲಿ ತೆಗೆದು ಬೇರೆ ಬೇರೆ ಆಂಪ್‌ಗೆ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಕೊಡುತ್ತಿದ್ದರು. ಒಂದು ಕಡೆ ಶುದ್ಧ ದಪ್ಪ ಸದ್ದು, ಇನ್ನೊಂದು ಕಡೆ ಗಿಟಾರ್ ಥರ ಗರಗರ.

ಅದನ್ನು ತೋರಿಸೋಣ ಅಂತ ಎರಡು ಆಂಪ್ ಆನ್ ಮಾಡಿದರು. ಕರೆಂಟ್ ಹೋಯಿತು. 1902ರಲ್ಲೇ ಶಿವನಸಮುದ್ರದಿಂದ ಲೈನ್ ಎಳೆದು ಕರೆಂಟ್ ತಂದ ಊರು ಇದು, ಬೆಂಗಳೂರಿಗಿಂತ ಮುಂಚೆ. ನಲವತ್ತು ನಿಮಿಷ ಕತ್ತಲೆ. ಅಂಕಲ್ ಬಿಡಲಿಲ್ಲ, ಆಂಪ್ ಇಲ್ಲದೆಯೇ ನುಡಿಸಿದರು. ಬಾಸ್‌ಗೆ ಆಂಪ್ ಇಲ್ಲದಿದ್ದರೆ ಸೊಳ್ಳೆಯಷ್ಟು ಸದ್ದು. ಮೂವತ್ತು ಜನ ಮುಂದಕ್ಕೆ ಬಾಗಿ ಕೇಳಿದೆವು. ಹೊರಗೆ ಜಿನುಗು ಮಳೆ. ನಾನು ಹೋದ ಕಾನ್ಸರ್ಟುಗಳಲ್ಲಿ ಒಂದೊಂದು ಸ್ವರವೂ ಕೇಳಿಸಿದ್ದು ಇದೊಂದರಲ್ಲೇ.

ಭಾನುವಾರ ಬೆಳಗ್ಗೆ ತಿಂಡಿ. ಇದನ್ನು ಓದಿಯಾದರೂ ಹೋಗಿ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ ಹತ್ತಿರ ಬೋರ್ಡೇ ಇಲ್ಲದ ಒಂದು ಚಿಕ್ಕ ಹೋಟೆಲು, ಒಬ್ಬ ಅಮ್ಮ, ಅವರ ಮಗ, ನಾಲ್ಕು ಬೆಂಚು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದ ನಾನು ಬೇರೆ ಊರಿನ ಇಡ್ಲಿ ಹೊಗಳುವವನಲ್ಲ. ಇಲ್ಲಿ ಇಡ್ಲಿ ಚಿಕ್ಕದು, ಬಟ್ಟೆ ಹಾಸಿ ಬೇಯಿಸಿದ್ದು, ಮೇಲೆ ಬಟ್ಟೆಯ ಎಳೆ ಎಳೆ ಗುರುತು. ಅದರ ಮೇಲೆ ವಡಾಕರಿ ಸುರಿಯುತ್ತಾರೆ. ಕಡಲೆಬೇಳೆ ವಡೆಯನ್ನು ಒಡೆದು ಮಸಾಲೆಯಲ್ಲಿ ಕುದಿಸಿದ್ದು, ಸೋಂಪಿನ ವಾಸನೆ. ವಡೆಯ ಚೂರು ಹೊರಗೆ ಮೆತ್ತಗೆ, ಒಳಗೆ ಇನ್ನೂ ಸ್ವಲ್ಪ ಗಟ್ಟಿ. ಮೂರು ಇಡ್ಲಿಗೆ 30 ರೂಪಾಯಿ, ಕರಿ ಎಷ್ಟು ಸಲ ಬೇಕಾದರೂ. ನಾನು ಒಂಬತ್ತು ಇಡ್ಲಿ ತಿಂದೆ. "ಇನ್ನೂ ಹಾಕ್ಲಾ ಕಣ್ಣು?" ಅಂತ ಆ ಅಮ್ಮ ತಮಿಳು ಬೆರೆಸಿ ಕೇಳಿದರೆ ಬೇಡ ಅನ್ನೋಕೆ ಬಾಯಿ ಬರಲ್ಲ. ಯೆಸ್‌ನ ಕೀಬೋರ್ಡ್‌ನವರು ರಿಕ್ ವೇಕ್‌ಮನ್, 1973ರ ಟೂರ್‌ನಲ್ಲಿ ನಾಲ್ಕೇ ಹಾಡಿದ್ದರೂ ತುಂಬಾ ಉದ್ದವಿದ್ದ ಆಲ್ಬಮ್ ನುಡಿಸಿ ನುಡಿಸಿ ಬೇಜಾರಾಗಿ ವೇದಿಕೆ ಮೇಲೇ ಕೂತು ಕರಿ ತಿಂದಿದ್ದರು. ಈ ವಡಾಕರಿ ಸಿಕ್ಕಿದ್ದರೆ ಬ್ಯಾಂಡ್ ಬಿಡುತ್ತಿರಲಿಲ್ಲವೇನೋ. ಎಂಟೂವರೆ ಒಳಗೆ ಹೋಗಿ, ಆಮೇಲೆ ಖಾಲಿ.

ನೋಡುವ ಜಾಗ ಅಂತ ನಾನು ಏನೂ ಹೇಳಲ್ಲ. ಗಣಿಯೊಳಗೆ ಬಿಡಲ್ಲ. ಸೈನೈಡ್ ದಿಬ್ಬಗಳನ್ನು, ಅಂದರೆ ಚಿನ್ನ ತೆಗೆದು ಉಳಿದ ಮಣ್ಣಿನ ಗುಡ್ಡೆಗಳನ್ನು, ರಸ್ತೆಯಿಂದಲೇ ನೋಡಿ, ಗಾಳಿ ಬೀಸಿದರೆ ಮೂಗಿಗೆ ಕರ್ಚೀಫ್ ಕಟ್ಟಿಕೊಳ್ಳಿ. ಕೋಟಿಲಿಂಗೇಶ್ವರ ಹತ್ತಿರವೇ, ಭಾನುವಾರದ ಜನ ನೆನೆಸಿಕೊಂಡು ನಾನು ಹೋಗಲಿಲ್ಲ. ಆಂಡರ್ಸನ್‌ಪೇಟೆ ಬೋರ್ಡಿನ ಕೆಳಗೆ ಮಾತ್ರ ಮೂವರೂ ಫೋಟೋ ತೆಗೆಸಿಕೊಂಡೆವು. ಅದು ಬೇರೆ ಆಂಡರ್ಸನ್ ಅಂತ ಗೊತ್ತು, ಆದರೂ.

ವಾಪಸ್ ಬರುವಾಗ ರೈಲು. ಮಾರಿಕುಪ್ಪಂನಲ್ಲೇ ಹೊರಡುವುದರಿಂದ ಅಲ್ಲೇ ಹತ್ತಿ, ಬೇಕಾದ ಕಿಟಕಿ ಸಿಗುತ್ತೆ. ಚಾಂಪಿಯನ್, ಊರಿಗಾಂ, ಕೋರಮಂಡಲ್ ಅಂತ ಗಣಿಗಳ ಹೆಸರೇ ಸ್ಟೇಷನ್‌ಗಳ ಹೆಸರು. ಆದರೆ ಬಂಗಾರಪೇಟೆ ಬಂದಾಗ ಒಂದು ಸಂಕಟ. ಪಾನಿಪೂರಿ. ಅಲ್ಲಿನ ಪಾನಿಗೆ ಬಣ್ಣವೇ ಇಲ್ಲ, ನಲ್ಲಿ ನೀರಿನ ಥರ ತಿಳಿಯಾಗಿರುತ್ತೆ. ಬಾಯಿಗೆ ಹಾಕಿದ ಮೇಲೆ ಗೊತ್ತಾಗೋದು ಖಾರ. ಸೀಟು ಬೇಕೋ ಪಾನಿಪೂರಿ ಬೇಕೋ ಅಂತ ಗೆಳೆಯ ಕೇಳುವಷ್ಟರಲ್ಲಿ ನಾನು ಪ್ಲಾಟ್‌ಫಾರಂ ಮೇಲಿದ್ದೆ. ಎರಡು ಪ್ಲೇಟ್ ತಿಂದು ಮುಂದಿನ ರೈಲು ಹತ್ತಿದರೆ ಭಾನುವಾರ ಸಂಜೆಯ ಜನ. ಬಾಗಿಲ ಹತ್ತಿರ ಒಂದೇ ಕಾಲಲ್ಲಿ ನಿಂತೆವು.

ಕಿಟಕಿ ಪಕ್ಕ ಒಬ್ಬ ಅಜ್ಜಿ ಕೂತಿದ್ದರು. ಪೆಟ್ಟಿಗೆ ನೋಡಿ, "ವೀಣೆನಾ ಮಗಾ? ಕೊಡು ಇಲ್ಲಿ, ತಳ್ಳಾಟದಲ್ಲಿ ಒಡೆದೋದೀತು" ಅಂತ ಇಸ್ಕೊಂಡು ತೊಡೆ ಮೇಲೆ ಅಡ್ಡ ಮಲಗಿಸಿಕೊಂಡರು. ಕತ್ತಿನ ಭಾಗ ಪಕ್ಕದವರ ಮಡಿಲಿಗೆ ಹೋಯಿತು, ಅವರೂ ಸುಮ್ನೆ ಹಿಡಿದುಕೊಂಡರು. ಕೆ.ಆರ್. ಪುರದ ತನಕ ನಾವು ನಿಂತಿದ್ದೆವು, ಬಾಸ್ ಮಲಗಿತ್ತು. ಯಾರೂ ಅದಕ್ಕೆ ಟಿಕೆಟ್ ಕೇಳಲಿಲ್ಲ.