ಜೋಸಿ ಕೇರಿಯನ್ನು ಮರೆಯಬಾರದು

ಮಕ್ಕಳ ಟಿವಿ ಎಂದರೆ ಅಮೆರಿಕದಲ್ಲಿ ಎಲ್ಲರೂ ಫ್ರೆಡ್ ರೋಜರ್ಸ್ ಹೆಸರು ಹೇಳುತ್ತಾರೆ. ಅವರಿಗಿಂತ ಮೊದಲು ಕ್ಯಾಮೆರಾ ಮುಂದೆ ನಿಂತವರು ನಿರೂಪಕಿ ಜೋಸಿ ಕೇರಿ.

ಪಿಟ್ಸ್‌ಬರ್ಗ್‌ನ ಡಬ್ಲ್ಯುಕ್ಯುಇಡಿ ವಾಹಿನಿ ಶುರುವಾಗಿದ್ದು 1954ರ ಏಪ್ರಿಲ್‌ನಲ್ಲಿ. ಅಲ್ಲಿ 'ದಿ ಚಿಲ್ಡ್ರನ್ಸ್ ಕಾರ್ನರ್' ವಾರದ ಐದು ದಿನ, ದಿನಕ್ಕೊಂದು ಗಂಟೆ, ಪೂರ್ತಿ ನೇರ ಪ್ರಸಾರ. ನಿರೂಪಣೆ, ಹಾಡಿನ ಸಾಹಿತ್ಯ ಜೋಸಿಯದು. ರಾಗ, ಆರ್ಗನ್, ಬೊಂಬೆಗಳ ದನಿ ರೋಜರ್ಸ್‌ದು. ನಡುನಡುವೆ ತೋರಿಸಲು ಪುಕ್ಕಟೆ ಸಿಗುವ ಫಿಲ್ಮ್‌ಗಳನ್ನು ತರಿಸುತ್ತಿದ್ದರು. ಹಳೇ ರೀಲು, ಆಗಾಗ ತುಂಡಾಗುತ್ತಿತ್ತು. ನೇರ ಪ್ರಸಾರದಲ್ಲಿ ಆ ಖಾಲಿ ಜಾಗ ತುಂಬಲೇಬೇಕಲ್ಲ! ಆಗ ಹಿನ್ನೆಲೆಯ ಪರದೆಯಲ್ಲಿ ಬರೆದ ಗಡಿಯಾರದ ತೂತಿನಿಂದ ಡೇನಿಯಲ್ ಎಂಬ ಹುಲಿಬೊಂಬೆ ತಲೆ ಹಾಕುತ್ತಿತ್ತು. ಜೋಸಿ ಅದರ ಜೊತೆ ಮಾತಿಗಿಳಿಯುತ್ತಿದ್ದರು, ಸಂಭಾಷಣೆ ಬರೆದಿಟ್ಟುಕೊಳ್ಳದೆ.

ನನಗೆ ದೊಡ್ಡದಾಗಿ ಕಾಣುವುದು ಇದೇ. ಬೊಂಬೆ ಆಡಿಸುವವರು ಪರದೆಯ ಹಿಂದಿರುತ್ತಾರೆ, ಮುಖ ಕಾಣದು. ಮುಂದೆ ನಿಂತವರ ಕಣ್ಣು ಒಂದು ಕ್ಷಣ ಬೊಂಬೆಯಿಂದ ಆಚೆ ಸರಿದರೂ ಮಗುವಿಗೆ ಅದು ಬರೀ ಬಟ್ಟೆ. ಜೋಸಿ ಡೇನಿಯಲ್‌ನ ಕಣ್ಣನ್ನೇ ನೋಡಿ, ಉತ್ತರಕ್ಕೆ ಕಾದು, ನಿಜವಾಗಿ ಕೇಳಿಸಿಕೊಂಡು ಮಾತಾಡುತ್ತಿದ್ದರು. ಬೊಂಬೆಗೆ ಜೀವ ಬರುವುದರಲ್ಲಿ ಅರ್ಧ ಪಾಲು ಕೇಳುವವರದು.

1955ರಲ್ಲಿ ರಾಷ್ಟ್ರಮಟ್ಟದ ಟಿವಿ ಜಾಲ ಎನ್‌ಬಿಸಿ ಕೂಡ ಈ ಕಾರ್ಯಕ್ರಮವನ್ನು ದೇಶಕ್ಕೆಲ್ಲ ತೋರಿಸಿತು. 1961ರಲ್ಲಿ ಅದು ನಿಂತಿತು. ಜೋಸಿ ಬೇರೆ ವಾಹಿನಿಗಳಲ್ಲಿ ಮಕ್ಕಳಿಗಾಗಿಯೇ ದುಡಿದರು, 2004ರಲ್ಲಿ ತೀರಿಕೊಂಡರು. ರೋಜರ್ಸ್‌ರ ಮುಂದಿನ ಕಾರ್ಯಕ್ರಮದಲ್ಲೂ ಜೋಸಿ ಬರೆದ ಹಾಡಿನ ಸಾಲುಗಳು ಕೇಳಿಬಂದವು.